ಮಿತಿಯ ಮೇಲೊಂದು ಕೊಡೆ

1896ರ ಮೇ 30ರಂದು ನ್ಯೂಯಾರ್ಕಿನಲ್ಲಿ ಡ್ಯೂರಿಯಾ ಕಂಪನಿಯ ಮೋಟಾರು ಗಾಡಿಯೊಂದು ಸೈಕಲ್ ತುಳಿಯುತ್ತಿದ್ದ ಹೆಂಗಸಿಗೆ ಗುದ್ದಿತು. ಆಕೆಯ ಕಾಲು ಮುರಿಯಿತು, ಗಾಡಿಯವನು ಆ ರಾತ್ರಿ ಪೊಲೀಸರ ವಶದಲ್ಲಿ ಕಳೆದ. ಎರಡು ವರ್ಷದೊಳಗೆ, 1898ರಲ್ಲಿ, ಬಫಲೋ ಊರಿನ ವೈದ್ಯ ಟ್ರೂಮನ್ ಮಾರ್ಟಿನ್ ಟ್ರಾವೆಲರ್ಸ್ ಕಂಪನಿಯಿಂದ ಮೋಟಾರು ವಿಮೆ ಕೊಂಡ. ಬೀದಿ ತುಂಬ ಕುದುರೆ ಗಾಡಿಗಳಿದ್ದ ಕಾಲ. ಮೋಟಾರಿನ ಸದ್ದಿಗೆ ಕುದುರೆ ಬೆದರಿ ಅನಾಹುತವಾದರೆ ದಂಡ ತೆರುವವರು ಯಾರು?

ಮ್ಯಾಸಚೂಸೆಟ್ಸ್ ರಾಜ್ಯ 1927ರಿಂದ ಇಂಥ ವಿಮೆಯನ್ನು ಕಡ್ಡಾಯ ಮಾಡಿತು. ಒಬ್ಬರಿಗೆ ಪೆಟ್ಟಾದರೆ 5,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 10,000. ಕೋರ್ಟು ಅದಕ್ಕಿಂತ ಹೆಚ್ಚು ವಿಧಿಸಿದರೆ ಉಳಿದದ್ದು ಮಾಲೀಕನ ಮನೆ, ಉಳಿತಾಯಕ್ಕೇ ಕೈ ಹಾಕುತ್ತಿತ್ತು.

ಈ ಸಂದಿಗೆ ಹುಟ್ಟಿದ್ದು ಅಂಬ್ರೆಲಾ ಪಾಲಿಸಿ. 1940ರ ದಶಕದಲ್ಲಿ ಲಂಡನ್ನಿನ ಲಾಯ್ಡ್ಸ್ ವಿಮೆಗಾರರು ಅಮೆರಿಕದ ಕಂಪನಿಗಳಿಗೆಂದು ಹೊಲಿದ ಈ ಕೊಡೆ ಮುಂದೆ ಸಂಸಾರಸ್ಥರ ಮನೆಗೂ ಬಂತು. ಕಾರಿನ ಪಾಲಿಸಿ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ಕೊಡುತ್ತದೆ, ಕೋರ್ಟು ಒಂಬತ್ತು ಲಕ್ಷ ವಿಧಿಸಿತು ಎನ್ನಿ. ಹತ್ತು ಲಕ್ಷದ ಕೊಡೆಯಿದ್ದರೆ ಉಳಿದ ಆರೂವರೆ ಲಕ್ಷ ಅದರ ಪಾಲು. ಸಾಕುನಾಯಿ ಕಚ್ಚಿದರೂ, ಹಿತ್ತಲ ಈಜುಕೊಳದಲ್ಲಿ ನೆರೆಮಗು ಬಿದ್ದರೂ, ಹಲವು ಪಾಲಿಸಿಗಳಲ್ಲಿ ಮಾನನಷ್ಟದ ದಾವೆ ಬಂದರೂ ಇದೇ ಲೆಕ್ಕ. ಆದರೆ ಕೊಡೆಯ ಕೆಳಗಿರುವ ಕಾರಿನ, ಮನೆಯ ಪಾಲಿಸಿಗಳ ಮಿತಿ ಕೊಡೆಯ ಕಂಪನಿ ಕೇಳಿದಷ್ಟು ಇರಲೇಬೇಕು. ಕಡಿಮೆ ಇಟ್ಟರೆ ನಡುವಿನ ಅಂತರ ಸ್ವಂತ ಜೇಬಿನಿಂದ. ಬೇಕೆಂದೇ ಮಾಡಿದ ಹಾನಿಗೆ, ತನ್ನದೇ ಗಾಯಕ್ಕೆ ಇದು ಬರುವುದಿಲ್ಲ.

ಭಾರತ ಹಿಡಿದ ದಾರಿ ಬೇರೆ. 1939ರ ಮೋಟಾರು ವಾಹನ ಕಾಯ್ದೆಯ ಕಡ್ಡಾಯ ವಿಮೆಯ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈ 1ರಂದು. ಲಾರಿಗಳಿಗೆ ಅದು ಹಾಕಿದ್ದ ಮಿತಿ 20,000 ರೂಪಾಯಿ. 1982ರ ತಿದ್ದುಪಡಿ ಅದನ್ನು ಒಂದೂವರೆ ಲಕ್ಷಕ್ಕೆ ಏರಿಸಿತು. 1988ರ ಕಾಯ್ದೆ ಸಾವು, ಗಾಯದ ಪ್ರಕರಣಗಳಲ್ಲಿ ಮಿತಿಯನ್ನೇ ತೆಗೆಯಿತು. ಎದುರಿನವರ ಆಸ್ತಿ ಹಾನಿಗೆ ಮಾತ್ರ 6,000 ರೂಪಾಯಿಯ ಗೆರೆ ಎಳೆಯಿತು. ಹಾಗಾಗಿ ನ್ಯೂಜೆರ್ಸಿಯ ಕನ್ನಡ ಮನೆಯೊಂದು ಕೊಡೆಗೆ ಕೊಡುವ ಹಣವನ್ನು ಮೈಸೂರಿನ ಸ್ಕೂಟರ್ ಸವಾರ ಬೇರೆಯಾಗಿ ಕೊಡಬೇಕಿಲ್ಲ. ಎದುರಿನವರ ನಷ್ಟ ತುಂಬುವ ಈ ಕಡ್ಡಾಯ ವಿಮೆಯೇ, ಅಂದರೆ ಥರ್ಡ್ ಪಾರ್ಟಿ ವಿಮೆಯೇ, ರಸ್ತೆಯಲ್ಲಿ ಅವನ ಕೊಡೆ.

ಅದರ ಅವಧಿ ಮುಗಿದ ಮರುದಿನ ಅಪಘಾತವಾದರೆ ಮಾತ್ರ ಪರಿಹಾರದ ಪೂರ್ತಿ ಹೊರೆ ಗಾಡಿಯ ಮಾಲೀಕನದೇ. ಗಾಡಿಯ ಡಿಕ್ಕಿಯಲ್ಲಿ ಮಡಚಿಟ್ಟ ಆ ಕಾಗದವನ್ನು ತೆಗೆದು ತಾರೀಖು ನೋಡಿಕೊಳ್ಳಿ.