ಸೈಕಲ್ ಪಥವಿರುವ ರಸ್ತೆಗಳಲ್ಲಿ ವಾಹನ ಚಾಲನೆ: ಚಾಲಕರ ಮಾಹಿತಿಗಾಗಿ

ರಸ್ತೆಯ ಎಡ ಅಂಚಿನಲ್ಲಿ ಬಣ್ಣದ ಪಟ್ಟೆ ಅಥವಾ ಗೂಟಗಳಿಂದ ಬೇರ್ಪಡಿಸಿ ಸೈಕಲ್ ಸವಾರರಿಗೆ ಮೀಸಲಿರಿಸಿದ ಭಾಗವೇ ಸೈಕಲ್ ಪಥ. ಇದನ್ನು ಕೆಲವರು 'ಬೈಕ್ ಲೇನ್' ಎನ್ನುವುದುಂಟು. ಆಡುಮಾತಿನಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್ ಆಗಿರುವುದರಿಂದ ಈ ಹೆಸರು ಗೊಂದಲಕ್ಕೆ ಎಡೆಮಾಡುತ್ತದೆ. ಮೋಟಾರ್ ಸೈಕಲ್, ಸ್ಕೂಟರ್ ಹಾಗೂ ಆಟೋರಿಕ್ಷಾಗಳಿಗೆ ಈ ಪಥದಲ್ಲಿ ಅವಕಾಶವಿರುವುದಿಲ್ಲ.

ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಗುರುತಿಸಲಾದ ಪಥಗಳು ಬಹುಮಟ್ಟಿಗೆ ವಾಹನ ನಿಲುಗಡೆಯ ತಾಣಗಳಾದವು. ಕೋವಿಡ್ ಅವಧಿಯಲ್ಲಿ, 2020ರಲ್ಲಿ, ನಗರ ಭೂ ಸಾರಿಗೆ ನಿರ್ದೇಶನಾಲಯವು ಹೊರವರ್ತುಲ ರಸ್ತೆಯಲ್ಲಿ ತಾತ್ಕಾಲಿಕ ಪಥವನ್ನು ರೂಪಿಸಿತು. ಅಲ್ಲಿ ದ್ವಿಚಕ್ರ ವಾಹನಗಳು ಗೂಟಗಳ ನಡುವೆ ನುಗ್ಗುತ್ತಿದ್ದವು. ಬಣ್ಣ ಬಳಿದ ಮಾತ್ರಕ್ಕೆ ಪಥವು ಸುರಕ್ಷಿತವಾಗುವುದಿಲ್ಲವೆಂಬುದು ಈ ಎರಡೂ ಕಡೆಗಳಲ್ಲಿ ಕಂಡುಬಂದಿದೆ.

ಮೋಟಾರು ವಾಹನ (ಚಾಲನೆ) ವಿನಿಯಮಗಳು, 2017ರ ಮೇರೆಗೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿಯಿಲ್ಲದೆ ಸೈಕಲ್ ಪಥದಲ್ಲಿ ವಾಹನ ಚಾಲನೆ ಮಾಡತಕ್ಕದ್ದಲ್ಲ. ಅಲ್ಲಿ ವಾಹನ ನಿಲ್ಲಿಸುವುದೂ ನಿಷಿದ್ಧ. ಇಂತಹ ವಿನಿಯಮಗಳ ಉಲ್ಲಂಘನೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಲಾದ ಕಲಂ 177ಎ ರೂ. 500ರಿಂದ 1,000ದವರೆಗಿನ ದಂಡವನ್ನು ಗೊತ್ತುಪಡಿಸಿತು. "ಐದೇ ನಿಮಿಷ" ಎಂದು ನಿಲ್ಲಿಸಿದ ಕಾರಿನಿಂದಾಗಿ ಸೈಕಲ್ ಸವಾರನು ವೇಗದ ವಾಹನಗಳ ನಡುವೆ ಬರಬೇಕಾಗುತ್ತದೆ ಎಂಬುದನ್ನು ಗಮನಿಸುವುದು.

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಎಡ ತಿರುವಿನಲ್ಲಿ. ಎಡಕ್ಕೆ ತಿರುಗುವ ವಾಹನವು, ಅದೇ ಅಂಚಿನಲ್ಲಿ ನೇರವಾಗಿ ಸಾಗುತ್ತಿರುವ ಸೈಕಲ್ಲಿನ ಹಾದಿಯನ್ನು ಅಡ್ಡಗಟ್ಟುತ್ತದೆ. ಅಂಚಿನಲ್ಲಿ ಯಾರೂ ಇರುವುದಿಲ್ಲವೆಂಬ ಹಳೆಯ ರೂಢಿಯಿಂದ ತಿರುಗುವುದು ಅಪಾಯಕರ. ಮೊದಲು ಸೂಚಕ ದೀಪ ಹಾಕಿ, ವೇಗ ತಗ್ಗಿಸಿ, ಎಡಗನ್ನಡಿಯನ್ನು ನೋಡುವುದಲ್ಲದೆ ಕತ್ತು ಹೊರಳಿಸಿಯೂ ನೋಡತಕ್ಕದ್ದು. ಸವಾರನನ್ನು ಹಿಂದಿಕ್ಕಿ ಅವನ ಮುಂದೆ ತಿರುಗುವ ಬದಲು, ಅವನು ಮುಂದೆ ಸಾಗಿದ ನಂತರ ತಿರುಗಬೇಕು. ತಗಲುವುದು ಕೆಲವೇ ಸೆಕೆಂಡುಗಳು. ಬಸ್ ಮತ್ತು ಲಾರಿಗಳ ಎಡ ಮುಂಭಾಗದ ಸಮೀಪದಲ್ಲಿರುವ ಸವಾರನು ಚಾಲಕನಿಗೆ ಕಾಣದೇ ಇರಬಹುದು. ತಿರುವಿನಲ್ಲಿ ಉದ್ದನೆಯ ವಾಹನದ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಬದಿಯಲ್ಲಿ ಸಾಗುವುದರಿಂದ, ಮುಂಭಾಗ ದಾಟಿತೆಂದ ಮಾತ್ರಕ್ಕೆ ಸವಾರನು ಪಾರಾದನೆಂದು ಭಾವಿಸಲಾಗದು.

ಬಾಡಿಗೆ ಕಾರುಗಳ ಚಾಲಕರು ಪ್ರಯಾಣಿಕರನ್ನು ಇಳಿಸುವಾಗ, ಪಥದ ಕಡೆಯ ಬಾಗಿಲನ್ನು ತೆರೆಯುವ ಮುನ್ನ ಹಿಂದೆ ನೋಡುವಂತೆ ಅವರಿಗೆ ತಿಳಿಸುವುದು ಒಳಿತು.

ಕಲಿಕಾ ಲೈಸೆನ್ಸ್‌ಗೆ ಅರ್ಜಿ ಸಲ್ಲಿಸುವವರ ಪರೀಕ್ಷೆಯಲ್ಲಿ ಸಂಚಾರ ಚಿಹ್ನೆಗಳೂ ಸೇರಿರುತ್ತವೆ. ಸೈಕಲ್ ಚಿತ್ರವಿರುವ ಮೂರು ಚಿಹ್ನೆಗಳನ್ನು ಪ್ರತ್ಯೇಕವಾಗಿ ಗುರುತಿಸಲು ತಿಳಿದಿರಬೇಕು. ನೀಲಿ ವೃತ್ತದಲ್ಲಿ ಬಿಳಿ ಸೈಕಲ್ ಇದ್ದರೆ ಅದು ಸೈಕಲ್ ಪಥ. ಕೆಂಪು ಅಂಚಿನ ವೃತ್ತದಲ್ಲಿದ್ದರೆ ಸೈಕಲ್ ನಿಷೇಧ. ಕೆಂಪು ಅಂಚಿನ ತ್ರಿಕೋನದಲ್ಲಿದ್ದರೆ, ಮುಂದೆ ಸೈಕಲ್ ಸವಾರರು ರಸ್ತೆ ದಾಟುವ ಸ್ಥಳವಿದೆಯೆಂಬ ಎಚ್ಚರಿಕೆ.