ಚಕ್ರದ ನಾಡಿ ಹಿಡಿಯೋ ಸೆನ್ಸರ್

ಎಬಿಎಸ್ ಅಂದ್ರೆ ಕಂಪ್ಯೂಟರ್ ಕೆಲಸ ಅಂದ್ಕೋತೀವಿ. ಆದರೆ 1950ರ ದಶಕದಲ್ಲಿ ವಿಮಾನಗಳಿಗೆ ಬಂದ ಡನ್‌ಲಪ್ ಮ್ಯಾಕ್ಸರೆಟ್‌ನಲ್ಲಿ ಎಲೆಕ್ಟ್ರಾನಿಕ್ಸೇ ಇರಲಿಲ್ಲ. 1966ರಲ್ಲಿ ಅದು ಬ್ರಿಟನ್ನಿನ ಜೆನ್ಸನ್ ಎಫ್‌ಎಫ್ ಕಾರಿಗೆ ಇಳಿಯಿತು. ಪ್ರತಿ ಚಕ್ರವನ್ನೂ ಬೇರೆಯಾಗಿ ನೋಡೋ ಶಕ್ತಿ ಅದಕ್ಕಿರಲಿಲ್ಲ. 1978ರಲ್ಲಿ ಬಾಷ್‌ನ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಬಂತು. ಆಗ ಮುಂದಿನ ಎರಡೂ ಚಕ್ರಕ್ಕೆ ಒಂದೊಂದು ಸೆನ್ಸರ್. 2019ರ ಏಪ್ರಿಲ್‌ನಿಂದ ನಮ್ಮಲ್ಲೂ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ.

ನನ್ನ ಕಾರಿನ ಮುಂದಿನ ಸೆನ್ಸರ್ ಬದಲಿಸಲು ಬಿಚ್ಚಿದ್ದು ಒಂದು ಬೋಲ್ಟ್, ಒಂದು ಕನೆಕ್ಟರ್. ಅದು ಕೂರೋ ಜಾಗದ ತುಕ್ಕು ಉಜ್ಜೋದೇ ಅರ್ಧ ಕೆಲಸ. ತುಕ್ಕು ಉಳಿದ್ರೆ ಅಂತರ ಹೆಚ್ಚಿ ಸಿಗ್ನಲ್ ಸೊರಗುತ್ತೆ. ಎಬಿಎಸ್ ದೀಪ ಉರಿದ್ರೂ ಬ್ರೇಕ್ ಹಿಡಿಯುತ್ತಲ್ಲ ಅಂತ ಸುಮ್ಮನಿರಬೇಡಿ. ಮಳೇಲಿ ಮುಂದಿನ ಚಕ್ರ ಲಾಕ್ ಆದ್ರೆ ಸ್ಟೀರಿಂಗ್ ನಿಮ್ಮ ಮಾತು ಕೇಳಲ್ಲ.