ಒಂದೇ ಯುದ್ಧ, ಎರಡು ನೋಟು

1863ರಿಂದ 1935ರವರೆಗೆ ಅಮೆರಿಕದಲ್ಲಿ 12 ಸಾವಿರಕ್ಕೂ ಹೆಚ್ಚು ಬ್ಯಾಂಕುಗಳು ತಮ್ಮ ಹೆಸರಿನಲ್ಲೇ ನೋಟು ಹೊರಡಿಸಿದವು. ನೋಟಿನ ಅಚ್ಚು ಹೆಚ್ಚುಕಡಿಮೆ ಒಂದೇ. ಬ್ಯಾಂಕು, ಊರು, ಸಹಿ ಬೇರೆ ಬೇರೆ. ಸಂಗ್ರಾಹಕರು ಇಂದು ಬೆಲೆ ಕಟ್ಟುವುದು ಆ ಊರಿನ ಹೆಸರಿಗೆ. ನ್ಯೂಯಾರ್ಕಿನ ದೊಡ್ಡ ಬ್ಯಾಂಕಿನ ನೋಟು ಸುಲಭವಾಗಿ ಸಿಗುತ್ತದೆ. ನಾಲ್ಕು ಬೀದಿಯ ಊರಲ್ಲಿ ಹುಟ್ಟಿ ಬೇಗ ಮುಚ್ಚಿಹೋದ ಬ್ಯಾಂಕಿನದಾದರೆ ಹತ್ತಾರು ಪಟ್ಟು ದುಬಾರಿ.

ನಮ್ಮ ಮುಂಬೈಗೂ ಅಂಥ ಕಾಲವೊಂದಿತ್ತು. ಫೋರ್ಟ್‌ಗೆ ಹೋದಾಗಲೆಲ್ಲ ನಾನು ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲುಗಳ ಮುಂದೆ ಒಂದು ನಿಮಿಷ ನಿಲ್ಲುತ್ತೇನೆ. ಈ ಟೌನ್ ಹಾಲ್ ಕಟ್ಟಡದ ಚಿತ್ರ ಬ್ಯಾಂಕ್ ಆಫ್ ಬಾಂಬೆಯ ನೋಟಿನ ಮೇಲಿತ್ತು. 1840ರಲ್ಲಿ ಆರಂಭವಾದ ಆ ಬ್ಯಾಂಕಿಗಿದ್ದ ನೋಟಿನ ಹಕ್ಕನ್ನು 1861ರ ಪೇಪರ್ ಕರೆನ್ಸಿ ಕಾಯ್ದೆ ಸರ್ಕಾರಕ್ಕೆ ಒಪ್ಪಿಸಿತು.

ಅದೇ ವರ್ಷ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಸರ್ಕಾರಿ ಬಾಂಡ್ ಕೊಂಡ ಬ್ಯಾಂಕಿಗೆ ನೋಟಿನ ಅನುಮತಿ ಎಂಬ ಏರ್ಪಾಡು ಅಲ್ಲಿ ಹುಟ್ಟಿದ್ದು ಆ ಯುದ್ಧದ ಖರ್ಚಿನ ನಡುವೆ. ಇತ್ತ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಮುಂಬೈ ಹತ್ತಿಗೆ ಬಂಗಾರದ ಬೆಲೆ ಬಂತು. ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದ ನಮ್ಮ ಧಾರವಾಡವೂ ಹತ್ತಿಯ ಸೀಮೆಯೇ. ಷೇರುಗಳು ಹುಚ್ಚು ಹಿಡಿದಂತೆ ಏರಿದವು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಬಿತ್ತು. ಷೇರು ನಂಬಿ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಬಾಗಿಲು ಹಾಕಿತು. ಅಲ್ಲಿ ನೋಟಿಗೆ ಜನ್ಮ ಕೊಟ್ಟ ಯುದ್ಧ ಇಲ್ಲಿ ಬ್ಯಾಂಕನ್ನೇ ಮುಳುಗಿಸಿತು. ಮತ್ತೆ ಎದ್ದ ಬ್ಯಾಂಕು 1921ರಲ್ಲಿ ಇಂಪೀರಿಯಲ್ ಬ್ಯಾಂಕಿಗೆ ಸೇರಿತು. ಅದೇ 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು.

ಸರ್ಕಾರಿ ನೋಟಿಗೂ ಊರಿನ ಹಂಗು ತಪ್ಪಲಿಲ್ಲ. ಮುಂಬೈ, ಕಲ್ಕತ್ತ, ಮದ್ರಾಸ್ ಎಂದು ವಲಯಗಳಿದ್ದವು; ಒಂದು ವಲಯದ ನೋಟು ಇನ್ನೊಂದರಲ್ಲಿ ಕಾನೂನಿನ ಪ್ರಕಾರ ಚಲಾವಣೆಯದಲ್ಲ. ದೂರದೂರಿಗೆ ಹಣ ಕಳಿಸುವವರು ನೋಟನ್ನು ಎರಡು ತುಂಡು ಮಾಡುತ್ತಿದ್ದರು. ಮೊದಲರ್ಧ ತಲುಪಿತೆಂದು ಕಾಗದ ಬಂದ ಮೇಲೆ ಉಳಿದರ್ಧ ಅಂಚೆಗೆ. ದಾರಿಯಲ್ಲಿ ಕದ್ದವನಿಗೆ ಅರ್ಧ ನೋಟಿನಿಂದ ಏನೂ ದಕ್ಕದು!

ತುಂಡಾಗದ ನೋಟಿಗೇ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ನನಗೆ ಮಾತ್ರ ಅಂಟಿಸಿದ ನೋಟೇ ಇಷ್ಟ. ಫೋನೊತ್ತಿ ಊರಿಗೆ ಹಣ ಕಳಿಸುವ ನಮ್ಮಂಥವರಿಗೆ ಆ ಸೀಳುಗೆರೆ ಹಳೆಯ ನೆಂಟನಿದ್ದಂತೆ.

ಊರಿನ ಟ್ರಂಕಿನಲ್ಲಿ ಹಳೆಯ ನೋಟು ಸಿಕ್ಕರೆ ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಬೆಲೆ ಅಲ್ಲೇ ಹೋಗುತ್ತದೆ. ಅದರ ಮೇಲಿರುವ ಊರಿನ ಹೆಸರು ಓದಿ. ಯಾರು ದುಡಿದದ್ದು, ಎಲ್ಲಿಂದ ತಂದದ್ದು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಅದನ್ನು ಯಾವ ಹರಾಜಿನಲ್ಲೂ ಕೊಳ್ಳಲಾಗದು.